ಅದೇ ಸ್ವರ: 7 ನಿಮಿಷ, 14 ನಿಮಿಷ

ಮಗೂ,

ಮಾಲರ್‌ನ ಐದನೆಯ ಸಿಂಫನಿಯ ಅಡಾಜಿಯೆಟ್ಟೊ ಕೇಳಿ ಕಣ್ಣು ತುಂಬಿ ಬಂತು ಎಂದು ಬರೆದಿದ್ದೀಯ. ಆಮೇಲೆ ಅದು ಎಫ್ ಮೇಜರ್‌ನಲ್ಲಿದೆ ಎಂದು ತಿಳಿದು ಗೊಂದಲವಾಯಿತಂತೆ. ಮೇಜರ್ ಅಂದರೆ ಸಂತೋಷ, ಮೈನರ್ ಅಂದರೆ ದುಃಖ ಎಂದು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದಾರೆ; ಹಾಗಾದರೆ ನನ್ನ ಕಿವಿ ತಪ್ಪೋ, ಪಾಠ ತಪ್ಪೋ, ದೊಡ್ಡಪ್ಪ, ಎಂಬುದು ನಿನ್ನ ಪ್ರಶ್ನೆ.

ನಿನ್ನ ಕಿವಿ ತಪ್ಪಲ್ಲ. ಆ ಪಾಠ ಮೊದಲ ದಿನ ಮಕ್ಕಳಿಗೆ ಹೇಳುವಂಥದ್ದು, ಅದನ್ನು ದಾಟುವ ವಯಸ್ಸು ನಿನಗೆ ಬಂದಿದೆ. ಆದರೆ ನೀನು ಕೇಳದೇ ಬಿಟ್ಟ ಇನ್ನೊಂದು ವಿಷಯವಿದೆ, ಅದನ್ನು ನಾನಾಗಿಯೇ ಎತ್ತುತ್ತೇನೆ. ನೀನು ಕೇಳಿದ್ದು ಕಂಡಕ್ಟರ್ ಬರ್ನಾರ್ಡ್ ಹೈಟಿಂಕ್ 1988ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ ರೆಕಾರ್ಡಿಂಗ್. ಅದರಲ್ಲಿ ಈ ಭಾಗ ಹೆಚ್ಚುಕಡಿಮೆ 14 ನಿಮಿಷ ನಡೆಯುತ್ತದೆ. ವಿಲ್ಲೆಮ್ ಮೆಂಗೆಲ್‌ಬರ್ಗ್ 1926ರಲ್ಲಿ ಆಮ್‌ಸ್ಟರ್‌ಡಾಮ್‌ನ ಕನ್ಸರ್ಟ್‌ಗೆಬೌ ಆರ್ಕೆಸ್ಟ್ರಾ ಜೊತೆ ಇದನ್ನೇ ರೆಕಾರ್ಡ್ ಮಾಡಿದಾಗ ಮುಗಿದದ್ದು 7 ನಿಮಿಷ ಚಿಲ್ಲರೆಯಲ್ಲಿ. ಇಬ್ಬರ ಮುಂದೆಯೂ ಇದ್ದದ್ದು ಮಾಲರ್ ಬರೆದ ಅದೇ ಸ್ವರಗಳು. ಒಂದೇ ಕೃತಿ ಒಬ್ಬರ ಕೈಯಲ್ಲಿ ಇನ್ನೊಬ್ಬರದರ ಎರಡು ಪಟ್ಟು ಉದ್ದವಾಗುತ್ತದೆ ಎಂದಮೇಲೆ, ನಿನ್ನನ್ನು ಅಳಿಸಿದ್ದರಲ್ಲಿ ಮಾಲರ್‌ನ ಪಾಲೆಷ್ಟು, ಹೈಟಿಂಕ್‌ನ ಪಾಲೆಷ್ಟು ಎಂದು ಬಿಡಿಸಿ ನೋಡಬೇಡವೇ? ಒಂದು ರೆಕಾರ್ಡಿಂಗ್ ಕೇಳಿ ಆ ಕೃತಿಯ ಭಾವ ಇಂಥದ್ದೇ ಎಂದು ತೀರ್ಮಾನಿಸಬೇಡ. ನಾನು ಹೇಳಬೇಕೆಂದಿರುವುದು ಇಷ್ಟು. ಉಳಿದದ್ದು ಅದರ ವಿವರ.

ಮೊದಲು ಕೀ ವಿಷಯ. ನೀನು ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವಳು. ನಮ್ಮಲ್ಲಿ ಹಾಡುವವರು ತಮ್ಮ ಕಂಠಕ್ಕೆ ಒಗ್ಗುವ ಶ್ರುತಿ ಇಟ್ಟುಕೊಳ್ಳುತ್ತಾರೆ. ಒಬ್ಬರು ಜಿ ಶ್ರುತಿಯಲ್ಲಿ ಹಾಡಲಿ, ಇನ್ನೊಬ್ಬರು ಸಿ ಶ್ರುತಿಯಲ್ಲಿ ಹಾಡಲಿ, ಶಂಕರಾಭರಣ ಶಂಕರಾಭರಣವೇ. ಮಂಗಳ ಹಾಡುವವರೆಗೂ ತಂಬೂರಿಯ ಷಡ್ಜ ಕದಲುವುದಿಲ್ಲ. ಸಿಂಫನಿಯಲ್ಲಿ ಮುಖ್ಯವಾಗಿ ಕದಲುವುದೇ ಷಡ್ಜ. ಮಾಲರ್‌ನ ಐದನೆಯ ಸಿಂಫನಿ ಸಿ ಶಾರ್ಪ್ ಮೈನರ್‌ನಲ್ಲಿ, ಒಂಟಿ ಟ್ರಂಪೆಟ್ ಕೂಗಿ ಕರೆಯುವ ಶವಯಾತ್ರೆಯೊಂದಿಗೆ ಹೊರಡುತ್ತದೆ; ಐದನೆಯ ಮೂವ್‌ಮೆಂಟ್ ಮುಗಿಯುವ ಹೊತ್ತಿಗೆ ಡಿ ಮೇಜರ್‌ನಲ್ಲಿ ಮೆರೆಯುತ್ತಿರುತ್ತದೆ. ನಡುವೆ ಉದ್ದನೆಯ ಸ್ಕೆರ್ಟ್ಸೊ ಮುಗಿದ ಕೂಡಲೇ ಕೊಂಬು, ಕೊಳಲು, ನಗಾರಿಗಳೆಲ್ಲ ಸುಮ್ಮನಾಗಿ, ತಂತಿವಾದ್ಯಗಳೂ ಒಂದು ಹಾರ್ಪೂ ಮಾತ್ರ ಉಳಿಯುತ್ತವೆ. ಅದೇ ನೀನು ಕೇಳಿದ ಭಾಗ. ಅದು ಎಫ್ ಮೇಜರ್ ಎಂದು ಗೊತ್ತಾದರೆ ದಾರಿಯಲ್ಲಿ ಯಾವ ಊರಿಗೆ ಬಂದೆವು ಎಂದು ಗೊತ್ತಾದಂತೆ. ಆ ಊರಲ್ಲಿ ಮದುವೆ ನಡೆದಿದೆಯೋ, ಯಾರಾದರೂ ತೀರಿಕೊಂಡಿದ್ದಾರೋ ಎಂಬುದು ಹೆಸರಿನಿಂದ ತಿಳಿಯುವುದಿಲ್ಲ.

ಮೇಜರ್‌ನಲ್ಲಿ ಶೋಕ ಹೊಸದೇನಲ್ಲ. ಗ್ಲುಕ್ 1762ರಲ್ಲಿ ವಿಯೆನ್ನಾದಲ್ಲಿ ಆಡಿಸಿದ ಆಪೆರಾದಲ್ಲಿ ಒರ್ಫಿಯೋ ತನ್ನ ಹೆಂಡತಿ ಯೂರಿಡಿಚೆಯನ್ನು ಎರಡನೆಯ ಸಲ ಕಳೆದುಕೊಂಡು ಹಾಡುವ ಹಾಡು ಸಿ ಮೇಜರ್‌ನಲ್ಲಿದೆ. ಅದನ್ನು ಯಾವ ಗತಿಯಲ್ಲಿ ಹಾಡಬೇಕು ಎಂಬುದರ ಮೇಲೆಯೇ ಅದು ಶೋಕಗೀತೆಯಾಗುತ್ತದೋ ಸೊಗಸಾದ ಹಾಡಾಗಿ ಮಾತ್ರ ಉಳಿಯುತ್ತದೋ ಎಂಬುದು ನಿಂತಿದೆ.

ಈಗ ಅಡಾಜಿಯೆಟ್ಟೊದ ಮೊದಲ ಕೆಲವು ಕ್ಷಣಗಳನ್ನು ನಿನ್ನ ಸ್ವರಗಳಲ್ಲೇ ಹೇಳುತ್ತೇನೆ. ಎಫ್ ಅನ್ನು ಷಡ್ಜ ಅಂದುಕೋ. ಹಾರ್ಪ್ ಮೀಟತೊಡಗಿದಾಗ ನಿನಗೆ ಸಿಗುವುದು ಗಾಂಧಾರ, ಪಂಚಮ ಮಾತ್ರ; ಷಡ್ಜ ಇಲ್ಲ. ಆದ್ದರಿಂದ ಇದು ಎಫ್ ಮೇಜರೋ, ಎ ಮೈನರೋ ಎಂದು ಕಿವಿ ತಡವರಿಸುತ್ತದೆ. ಆಮೇಲೆ ಮೊದಲ ವಯಲಿನ್‌ಗಳು ಪ, ದ, ನಿ ಎಂದು ಮೆಲ್ಲಗೆ ಹತ್ತಿ ಕಾಕಲಿ ನಿಷಾದದ ಮೇಲೆ ನಿಂತುಬಿಡುತ್ತವೆ. ಕೆಳಗೆ ಬೇಸ್ ವಾದ್ಯಗಳು ಕೊನೆಗೂ ಷಡ್ಜ ಹಿಡಿಯುವುದು ಆಗಲೇ. ಕೆಳಗೆ ಸ, ಮೇಲೆ ನಿ. ಎರಡೂ ಒಂದನ್ನೊಂದು ಒತ್ತುತ್ತವೆ. ಆ ಒತ್ತಡ ಬಿಡುವುದು ನಿಷಾದ ಷಡ್ಜಕ್ಕೆ ಏರಿದಾಗ. ಇಡೀ ಭಾಗದ ಜೀವ ಈ ಒಂದು ಒತ್ತಡದಲ್ಲಿದೆ. ಮುಂದೆ ಬರುವುದೆಲ್ಲ ಇದರದೇ ಬೇರೆ ಬೇರೆ ರೂಪ: ತಡೆದು ನಿಲ್ಲಿಸಿದ ಸ್ವರ, ತಡವಾಗಿ ಸಿಗುವ ಆಸರೆ. ಕೊನೆಯಲ್ಲಂತೂ ಆ ಆಸರೆಯನ್ನು ಮಾಲರ್ ಎಷ್ಟು ಹೊತ್ತು ತಡೆಹಿಡಿಯುತ್ತಾನೆಂದರೆ ಕೇಳುವವರ ಉಸಿರೂ ಕಟ್ಟುತ್ತದೆ.

ನಿನ್ನ ಕಣ್ಣಲ್ಲಿ ನೀರು ತರಿಸಿದ್ದು ಇದೇ. ಮೇಜರ್ ಸ್ಕೇಲಿನೊಳಗೇ ಅಷ್ಟು ಬಿಗಿತ, ಅಷ್ಟು ಬಯಕೆ ಇರಲು ಸಾಧ್ಯವಿದೆ. ಕೀ ಯಾವುದು ಎಂದು ನೋಡುವುದರ ಬದಲು, ಯಾವ ಸ್ವರ ಎಲ್ಲಿ ನಿಂತಿದೆ, ಅದಕ್ಕೆ ಎಷ್ಟು ಹೊತ್ತಿಗೆ ಬಿಡುಗಡೆ ಸಿಗುತ್ತದೆ ಎಂದು ಗಮನಿಸುವುದನ್ನು ಅಭ್ಯಾಸ ಮಾಡಿಕೋ. ನಡುಭಾಗದಲ್ಲಿ ಸಂಗೀತ ಜಿ ಫ್ಲ್ಯಾಟ್ ಮೇಜರ್‌ಗೆ, ಅಂದರೆ ಷಡ್ಜವೇ ಅರ್ಧ ಸ್ವರ ಮೇಲಕ್ಕೆ ಸರಿಯುವುದನ್ನೂ ಗುರುತಿಸು. ಅಲ್ಲಿ ನೆಲ ಬಿಟ್ಟಂತೆ ಅನ್ನಿಸಿದರೆ ಅದಕ್ಕೆ ಕಾರಣ ಕೀ. ಕೀ ತನ್ನ ಕೆಲಸ ಮಾಡುವುದು ಹೀಗೆ, ಒಂದರಿಂದ ಇನ್ನೊಂದಕ್ಕೆ ಜಾರುವಾಗ.

ಆ ಒತ್ತಡ ಎಷ್ಟು ಹೊತ್ತು ಎಂದೆನಲ್ಲ, ಟೆಂಪೋ ಒಳಗೆ ಬರುವುದು ಅಲ್ಲಿಯೇ. ಈ ಭಾಗದಲ್ಲಿ 103 ಬಾರ್‌ಗಳಿವೆ, ಒಂದೊಂದಕ್ಕೆ ನಾಲ್ಕು ಎಣಿಕೆ. 7 ನಿಮಿಷದಲ್ಲಿ ಮುಗಿಸಿದರೆ ಸರಾಸರಿ ಒಂದು ಎಣಿಕೆಗೆ ಒಂದು ಸೆಕೆಂಡ್. 14 ನಿಮಿಷ ಹಿಡಿದರೆ ಎರಡು ಸೆಕೆಂಡ್. ಗೋಡೆ ಗಡಿಯಾರದ ಮುಂದೆ ಕುಳಿತು ಎರಡನ್ನೂ ಕೈಯಲ್ಲಿ ತಾಳ ಹಾಕಿ ನೋಡು. ಸೆಕೆಂಡಿಗೊಂದರಂತೆ ಹಾಕಿದಾಗ ಪ-ದ-ನಿ ಒಂದೇ ಉಸಿರಿನಲ್ಲಿ ಹಾಡಬಹುದಾದ ಪಲುಕು. ನಿಷಾದದ ಒತ್ತಡ ನಿಟ್ಟುಸಿರಿನಂತೆ ಬಂದು ಹೋಗುತ್ತದೆ. ಎರಡು ಸೆಕೆಂಡಿಗೊಂದು ಹಾಕಿದಾಗ ಪಲುಕು ಕಳಚಿ ಸ್ವರ ಸ್ವರವೂ ಬೇರೆಯಾಗಿ ತೂಗುತ್ತದೆ, ಹಾರ್ಪ್‌ನ ಒಂದೊಂದು ಮೀಟೂ ಬಿಡಿಯಾಗಿ ಕೇಳುತ್ತದೆ, ವಯಲಿನ್‌ನವರಿಗೆ ಒಂದು ಕಮಾನು ಸಾಲದೆ ನಡುವೆ ತಿರುಗಿಸಬೇಕಾಗುತ್ತದೆ. ಒತ್ತಡ ಎರಡರಷ್ಟು ಹೊತ್ತು ಬಿಡದೆ ಹಿಡಿದಾಗ ಬಯಕೆ ಎನ್ನುವುದು ಅಗಲಿಕೆಯಾಗಿ ಕೇಳಿಸತೊಡಗುತ್ತದೆ. ಸ್ವರ ಬದಲಾಗಲಿಲ್ಲ, ಕೀ ಬದಲಾಗಲಿಲ್ಲ. ಭಾವ ಬದಲಾಯಿತು.

ಮಾಲರ್ ಏನು ಬಯಸಿದ್ದ? ಈ ಭಾಗದ ತಲೆಯಲ್ಲಿ ಬರೆದಿರುವುದು ಬಹಳ ನಿಧಾನ ಎಂದು. ಮೆಟ್ರೊನೋಮ್ ಸಂಖ್ಯೆ ಕೊಟ್ಟಿಲ್ಲ. ಆದರೆ ಸ್ವಲ್ಪ ಮುಂದೆ ಹೋದರೆ ಎಳೆಯಬೇಡಿ, ಮೊದಲಿಗಿಂತ ಕೊಂಚ ಹರಿಯಲಿ ಎಂದು ಅವನೇ ಎಚ್ಚರಿಸುತ್ತಾನೆ. ನಿಧಾನ ಎನ್ನುವ ಒಂದು ಸೂಚನೆ ಹಿಡಿದು ಉಳಿದದ್ದನ್ನು ಬಿಟ್ಟವರು ಬಹಳ. ಅವನೇ ನಿಂತು ನಡೆಸಿದ ಕಛೇರಿಗಳಲ್ಲಿ ಇದು 7ರಿಂದ 9 ನಿಮಿಷದೊಳಗೆ ಮುಗಿಯುತ್ತಿತ್ತು ಎನ್ನಲು ಆ ಕಾಲದ ಬರಹದ ಗುರುತುಗಳಿವೆ. ಹ್ಯಾಂಬರ್ಗ್‌ನಲ್ಲೂ ವಿಯೆನ್ನಾದಲ್ಲೂ ಅವನ ಸಹಾಯಕನಾಗಿದ್ದ ಬ್ರೂನೊ ವಾಲ್ಟರ್ 1938ರ ಜನವರಿಯಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ ರೆಕಾರ್ಡಿಂಗ್ ಕೂಡ 8 ನಿಮಿಷ ದಾಟುವುದಿಲ್ಲ. ಅದಾದ ಎರಡು ತಿಂಗಳಿಗೆ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿತು, ಯೆಹೂದಿಯಾದ ವಾಲ್ಟರ್‌ಗೆ ಆ ಊರೇ ಇಲ್ಲವಾಯಿತು. ಆದರೂ ಆ ರೆಕಾರ್ಡಿಂಗಿನಲ್ಲಿ ಗೋಳಿಲ್ಲ. ಪಿಟೀಲುಗಳು ಸ್ವರದಿಂದ ಸ್ವರಕ್ಕೆ ಜಾರುವ ರೀತಿ ನಮ್ಮ ಕಿವಿಗೆ ಹತ್ತಿರದ್ದು, ನಿನಗೆ ಕೂಡಲೇ ಹಿಡಿಸುತ್ತದೆ.

ಇಲ್ಲಿ ನೀನು ಒಂದು ಆಕ್ಷೇಪ ಎತ್ತಬಹುದು, ಎತ್ತಬೇಕು ಕೂಡ. ಆಗಿನ 78ರ ಪ್ಲೇಟಿನಲ್ಲಿ ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷದಷ್ಟೇ ಹಿಡಿಸುತ್ತಿತ್ತಲ್ಲ, ಎರಡು ಮಗ್ಗುಲಲ್ಲಿ ಮುಗಿಸಲಿಕ್ಕಾಗಿ ಓಡಿಸಿರಬಹುದಲ್ಲವೇ ಎಂದು. ನ್ಯಾಯವಾದ ಅನುಮಾನ. ಎಷ್ಟೋ ಹಳೆಯ ರೆಕಾರ್ಡಿಂಗ್‌ಗಳಲ್ಲಿ, ನಮ್ಮ ಗಾಯಕರ ಗ್ರಾಮಫೋನ್ ಪ್ಲೇಟುಗಳಲ್ಲೂ, ಹಾಗೆ ಆಗಿದೆ. ಆದರೆ ವಾಲ್ಟರ್ 1947ರಲ್ಲಿ ನ್ಯೂಯಾರ್ಕ್‌ನಲ್ಲಿ ಇಡೀ ಸಿಂಫನಿಯನ್ನು ರೆಕಾರ್ಡ್ ಮಾಡಿದಾಗಲೂ ಈ ಭಾಗ 8 ನಿಮಿಷದೊಳಗೇ ಇತ್ತು. ಅಷ್ಟು ದೊಡ್ಡ ಸೆಟ್ಟಿನಲ್ಲಿ ಒಂದು ಮಗ್ಗುಲು ಉಳಿಸುವ ಅವಸರ ಇರಬೇಕಾಗಿರಲಿಲ್ಲ. ಮಾಲರ್ ಕಛೇರಿ ನಡೆಸುವಾಗಲಂತೂ ಎದುರಿಗೆ ಪ್ಲೇಟೇ ಇರಲಿಲ್ಲ. ಹಾಗಾಗಿ ಆ ಗತಿ ಪ್ಲೇಟಿನ ಬಲವಂತವಲ್ಲ, ಅವರ ಮನಸ್ಸಿನದು ಎಂದೇ ನಾನು ನಂಬುತ್ತೇನೆ.

ಹಳೆಯ ರೆಕಾರ್ಡಿಂಗ್ ಕೇಳುವಾಗ ಇನ್ನೊಂದು ಪರೀಕ್ಷೆ ಮಾಡು. ಫೋನಿನಲ್ಲಿ ಶ್ರುತಿ ನೋಡುವ ಆ್ಯಪ್ ಇದೆಯಲ್ಲ, ಅದನ್ನು ಹಚ್ಚಿ ಕೊನೆಯ ಉದ್ದದ ಕಾರ್ಡ್ ಎಲ್ಲಿ ನಿಂತಿದೆ ನೋಡು. ಪ್ಲೇಟನ್ನು ಟೇಪಿಗೋ ಡಿಜಿಟಲ್‌ಗೋ ಇಳಿಸುವಾಗ ತಿರುಗುವ ವೇಗ ತಪ್ಪಿದರೆ ಗತಿಯೂ ಶ್ರುತಿಯೂ ಒಟ್ಟಿಗೆ ಏರುತ್ತವೆ, ಇಲ್ಲವೇ ಒಟ್ಟಿಗೆ ಇಳಿಯುತ್ತವೆ. ಎಫ್ ಇರಬೇಕಾದಲ್ಲಿ ಎಫ್ ಶಾರ್ಪ್ ಸಿಕ್ಕರೆ ವೇಗ ನೂರಕ್ಕೆ 6ರಷ್ಟು ಜಾಸ್ತಿಯಾಗಿದೆ ಎಂದರ್ಥ. 7 ನಿಮಿಷದ ಸಂಗೀತದಲ್ಲಿ ಸುಮಾರು 25 ಸೆಕೆಂಡ್ ನುಂಗಿಹೋಗಿರುತ್ತದೆ. ಊರಿಂದ ಊರಿಗೆ ಆರ್ಕೆಸ್ಟ್ರಾಗಳ ಶ್ರುತಿಯಲ್ಲೇ ಸ್ವಲ್ಪ ಏರುಪೇರಿರುತ್ತದೆ, ಅಷ್ಟನ್ನು ಬಿಟ್ಟುಬಿಡು. ಕಂಡಕ್ಟರ್ ಮಾಡದ ಅವಸರವನ್ನು ಅವನ ತಲೆಗೆ ಕಟ್ಟಬಾರದೆಂದು ಈ ಮಾತು ಹೇಳಿದೆ.

ಹಾಗಾದರೆ ಈ ಭಾಗ ಇಷ್ಟು ನಿಧಾನವಾದದ್ದು ಯಾವಾಗ? ಒಂದೇ ದಿನದಲ್ಲಿ ಆಗಿಲ್ಲ. ಆದರೆ ಎರಡು ಘಟನೆಗಳು ಜನರ ಕಿವಿಯನ್ನು ಬದಲಿಸಿದವು. 1968ರ ಜೂನ್ 8ರಂದು ನ್ಯೂಯಾರ್ಕ್‌ನ ಸೇಂಟ್ ಪ್ಯಾಟ್ರಿಕ್ ಕೆಥೀಡ್ರಲ್‌ನಲ್ಲಿ ಗುಂಡೇಟಿಗೆ ಬಲಿಯಾದ ರಾಬರ್ಟ್ ಕೆನಡಿಯ ಅಂತ್ಯಸಂಸ್ಕಾರದ ಪೂಜೆಯಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ಇದನ್ನು ನುಡಿಸಿದ. ಮೂರು ವರ್ಷದ ಮೇಲೆ, 1971ರಲ್ಲಿ, ಲುಕಿನೊ ವಿಸ್ಕೊಂತಿ ಥಾಮಸ್ ಮಾನ್‌ನ ಕಥೆ ಆಧರಿಸಿದ ‘ಡೆತ್ ಇನ್ ವೆನಿಸ್’ ಚಿತ್ರದ ಉದ್ದಕ್ಕೂ ಇದನ್ನು ಬಳಸಿಕೊಂಡ. ಮೂಲ ಕಥೆಯಲ್ಲಿ ಲೇಖಕನಾಗಿದ್ದ ನಾಯಕ ಸಿನಿಮಾದಲ್ಲಿ ಸಂಗೀತಗಾರ; ಅವನು ಕಡಲ ದಂಡೆಯಲ್ಲಿ ಸಾಯುವಾಗಲೂ ಇದೇ ಸಂಗೀತ. ಅಲ್ಲಿಂದಾಚೆಗೆ ಮಾಲರ್ ಸಿಂಫನಿ ಎಂದೂ ಪೂರ್ತಿ ಕೇಳದವರಿಗೂ ಈ ಸ್ವರಗಳು ಗೊತ್ತು. ಗೊತ್ತಿರುವುದು ಸಾವಿನ ಸಂಗೀತವಾಗಿ.

ಇದರಿಂದ ಕೋಪಗೊಳ್ಳುವ ಪಂಡಿತರಿದ್ದಾರೆ. ನನಗೆ ಕೋಪವಿಲ್ಲ. ಕೆನಡಿಯನ್ನು ಕಳೆದುಕೊಂಡ ಆ ಜನರಿಗೆ ಅಂದು ಈ ಸಂಗೀತ ಬೇಕಿತ್ತು, ಬರ್ನ್‌ಸ್ಟೈನ್ ಕೊಟ್ಟ. 11 ನಿಮಿಷ ಮೀರುವ ಅವನ ರೆಕಾರ್ಡಿಂಗ್‌ಗಳಲ್ಲಿ ಒಂದು ಸ್ವರವೂ ಸೋಮಾರಿಯಾಗಿ ಬಿದ್ದಿರುವುದಿಲ್ಲ. ಹರ್ಮನ್ ಶೆರ್ಶೆನ್ ಎಂಬ ಹಠವಾದಿ 1964ರಲ್ಲಿ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಜೊತೆ 15 ನಿಮಿಷ ದಾಟಿಸಿದ್ದಾನೆ, ಅದೂ ಇತರ ಮೂವ್‌ಮೆಂಟ್‌ಗಳಲ್ಲಿ ಕತ್ತರಿ ಆಡಿಸುತ್ತಿದ್ದ ಮನುಷ್ಯ. ಅದು ನನಗೆ ಒಗ್ಗುವುದಿಲ್ಲ. ನಿನ್ನ ಹೈಟಿಂಕ್ ವಿಷಯದಲ್ಲೂ ಬಿಚ್ಚಿಯೇ ಹೇಳುತ್ತೇನೆ: ಬರ್ಲಿನ್ ತಂತಿವಾದ್ಯಗಳ ನಾದ ಅದ್ಭುತ, ಆದರೆ ಆ ನಾದವನ್ನು ಸವಿಯುವುದರಲ್ಲಿ ಪಲುಕು ಎಲ್ಲಿ ಹೊರಟಿತು, ಎಲ್ಲಿ ಮುಟ್ಟಿತು ಎನ್ನುವುದು ಮರೆಯುತ್ತದೆ. ನನ್ನ ಮನಸ್ಸು ಇರುವುದು ವಾಲ್ಟರ್ ಕಡೆ. ಇನ್ನೊಂದು ಹೆಸರು ಹೇಳು ಎಂದರೆ ಜಾನ್ ಬಾರ್ಬಿರೋಲಿ 1969ರಲ್ಲಿ ಲಂಡನ್‌ನ ನ್ಯೂ ಫಿಲ್‌ಹಾರ್ಮೋನಿಯಾ ಜೊತೆ ಮಾಡಿದ್ದು. 10 ನಿಮಿಷದ ಹತ್ತಿರ ಹೋಗುತ್ತದೆ, ಆದರೂ ಎಳೆದಂತೆ ಅನ್ನಿಸುವುದಿಲ್ಲ. ಯಾಕೆಂದರೆ ಅವನು ಒಂದು ಕಡೆ ತಡೆದದ್ದನ್ನು ಇನ್ನೊಂದು ಕಡೆ ಹರಿಯಬಿಟ್ಟು ತೀರಿಸುತ್ತಾನೆ. ಟೆಂಪೋ ಎಂದರೆ ಒಟ್ಟು ನಿಮಿಷದ ಲೆಕ್ಕ ಮಾತ್ರ ಎಂದು ನೀನು ತಿಳಿಯದಿರಲಿ ಎಂದೇ ಇವನನ್ನು ತಂದೆ. ಗಡಿಯಾರ ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ, ಒಳಗೆ ಹೋದಮೇಲೆ ನಡೆಯನ್ನು ಕಿವಿಯೇ ಹಿಡಿಯಬೇಕು.

ಕಥೆಗಳ ವಿಷಯದಲ್ಲೂ ಸ್ವಲ್ಪ ಎಚ್ಚರ ಇರಲಿ. ಮೆಂಗೆಲ್‌ಬರ್ಗ್ ತನ್ನ ಸ್ಕೋರ್ ಪ್ರತಿಯಲ್ಲಿ ಟಿಪ್ಪಣಿ ಬರೆದಿದ್ದಾನೆ: ಇದು ಮಾಲರ್ ಆಲ್ಮಾಗೆ ಬರೆದ ಪ್ರೇಮಪತ್ರ, ಮಾತಿನ ಬದಲು ಈ ಸ್ವರಗಳನ್ನೇ ಅವಳಿಗೆ ಕಳುಹಿಸಿದ, ಅವಳು ಅರ್ಥಮಾಡಿಕೊಂಡಳು, ಇದನ್ನು ಇಬ್ಬರೂ ನನಗೆ ಹೇಳಿದ್ದಾರೆ, ಎಂದು. ಮಾಲರ್ ಮತ್ತು ಆಲ್ಮಾರ ಮದುವೆ ನಡೆದದ್ದು 1902ರ ಮಾರ್ಚ್‌ನಲ್ಲಿ. ಈ ಸಿಂಫನಿ ಹುಟ್ಟಿದ್ದು 1901 ಮತ್ತು 1902ರಲ್ಲಿ. ಕಾಲ ಹೊಂದುತ್ತದೆ. ಆದರೆ ಆಲ್ಮಾ ಬರೆದ ನೆನಪುಗಳಲ್ಲಿ ಇದರ ಸುದ್ದಿಯಿಲ್ಲ. ಇನ್ನೊಂದು ಕಡೆ, 1901ರ ಬೇಸಿಗೆಯಲ್ಲಿ ರ‍್ಯೂಕರ್ಟ್ ಕವಿಯ ಪದ್ಯಕ್ಕೆ ಮಾಲರ್ ಹಾಕಿದ ಒಂದು ಹಾಡು ಈ ಭಾಗಕ್ಕೆ ಸೋದರಿಯಂತಿದೆ. ಅದು ಲೋಕದ ಗದ್ದಲದಿಂದ ಕಳಚಿಕೊಂಡು ತನ್ನೊಳಗೆ ತಾನಿರುವವನ ಹಾಡು. ಪ್ರೇಮಪತ್ರ ಎಂದು ತೀರ್ಮಾನಿಸಿ ಕೇಳಿದರೆ ಆ ಏಕಾಂತ ಕೈತಪ್ಪುತ್ತದೆ. ಸಾವು ಎಂದು ತೀರ್ಮಾನಿಸಿದರೆ ಎರಡೂ ಕೈತಪ್ಪುತ್ತವೆ. ಯಾವ ಪ್ಲೇಲಿಸ್ಟಿನಲ್ಲಿ ಯಾರು ಇದಕ್ಕೆ ವಿಷಾದ ಎಂದು ಚೀಟಿ ಅಂಟಿಸಿದ್ದಾರೆ ಎಂಬುದನ್ನಂತೂ ಲೆಕ್ಕಕ್ಕೇ ತೆಗೆದುಕೊಳ್ಳಬೇಡ.

ಎರಡು ಗತಿಗಳನ್ನು ಹೋಲಿಸುವ ಇದೇ ಪರೀಕ್ಷೆಯನ್ನು ಇನ್ನೊಂದು ಕೃತಿಯ ಮೇಲೂ ಮಾಡಿನೋಡು. ಅದರಲ್ಲಿ ನಮ್ಮ ಮೈಸೂರಿನ ಪಾಲೂ ಇದೆ. ಜಯಚಾಮರಾಜ ಒಡೆಯರು ಅಪರೂಪದ ರಾಗಗಳಲ್ಲಿ ಕೃತಿ ರಚಿಸಿದ್ದು ನಿನಗೆ ಗೊತ್ತು, ಕೆಲವನ್ನು ಪಾಠ ಮಾಡಿಸಿಕೊಂಡಿದ್ದೀಯ. ಅದೇ ಒಡೆಯರು 1948ರಲ್ಲಿ ಲಂಡನ್‌ನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರು. ರಷ್ಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಮೆಟ್ನರ್ ಎಂಬ ಸಂಗೀತಗಾರನ ಕೃತಿಗಳನ್ನು ಅವನಿಂದಲೇ ನುಡಿಸಿ ರೆಕಾರ್ಡ್ ಮಾಡಿಸಿದವರು. ರಿಚರ್ಡ್ ಸ್ಟ್ರೌಸ್ 1948ರಲ್ಲಿ, ತನ್ನ 84ನೆಯ ವಯಸ್ಸಿನ ಆಸುಪಾಸಿನಲ್ಲಿ, ಆರ್ಕೆಸ್ಟ್ರಾ ಮತ್ತು ಹೆಣ್ಣು ಕಂಠಕ್ಕೆ ಬರೆದ ನಾಲ್ಕು ಕೊನೆಯ ಹಾಡುಗಳು ಮೊದಲ ಸಲ ಕೇಳಿಬಂದದ್ದು ಅವನು ತೀರಿಕೊಂಡ ಮೇಲೆ, 1950ರ ಮೇ 22ರಂದು ಲಂಡನ್‌ನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವಳು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವನು ಫುರ್ಟ್‌ವ್ಯಾಂಗ್ಲರ್, ಹಣದ ಹೊಣೆ ಹೊತ್ತವರು ನಮ್ಮ ಒಡೆಯರು. ಆ ಸಂಜೆಯ ರೆಕಾರ್ಡಿಂಗ್ ಅವರಿಗೆ ತಮ್ಮ ಸಂಗ್ರಹಕ್ಕೆ ಬೇಕಿತ್ತು. ಗರಗರ ಸದ್ದಿನ ನಡುವೆ ಇಂದಿಗೂ ಅದನ್ನು ಕೇಳಬಹುದು.

ಆ ನಾಲ್ಕರಲ್ಲಿ ಸಾಮಾನ್ಯವಾಗಿ ಕೊನೆಗೆ ಹಾಡುವ ಸಂಜೆಗೆಂಪಿನ ಹಾಡನ್ನು ತೆಗೆದುಕೋ. ಬಾಳಿನ ದಾರಿ ಸವೆಸಿದ ಇಬ್ಬರು ಮುದುಕರು ಕೊನೆಯ ಬೆಳಕನ್ನು ನೋಡುತ್ತ ನಿಂತಿದ್ದಾರೆ, ಎರಡು ಬಾನಾಡಿಗಳು ಕೊಳಲಿನ ಸ್ವರದಲ್ಲಿ ಮೇಲೇರುತ್ತವೆ. ವಿಷಯ ಸಾವು, ಕೀ ಇ ಫ್ಲ್ಯಾಟ್ ಮೇಜರ್. ಲೀಸಾ ಡೆಲ್ಲಾ ಕಾಸಾ 1953ರಲ್ಲಿ ಕಾರ್ಲ್ ಬ್ಯೋಮ್ ಜೊತೆ ಹಾಡಿದಾಗ 6 ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಜೆಸ್ಸೀ ನಾರ್ಮನ್ 1982ರಲ್ಲಿ ಕುರ್ಟ್ ಮಜೂರ್ ಜೊತೆ ಹಾಡಿದಾಗ 10 ನಿಮಿಷಕ್ಕೆ ಹತ್ತಿರ. ಇಲ್ಲಿ ನನ್ನ ತೂಕ ಆಚೆ ಬೀಳುತ್ತದೆ, ನಿಧಾನದ ನಾರ್ಮನ್ ಕಡೆಗೆ. ಡೆಲ್ಲಾ ಕಾಸಾ ಹಾಡುವಾಗ ಆ ಇಬ್ಬರು ಇನ್ನೂ ನಡೆಯುತ್ತಿದ್ದಾರೆ, ಮಾತು ಸರಾಗವಾಗಿ ತಿಳಿಯುತ್ತದೆ. ನಾರ್ಮನ್ ಹಾಡುವಾಗ ಅವರು ನಿಂತೇಬಿಟ್ಟಿದ್ದಾರೆ, ಮತ್ತು ಅಷ್ಟುದ್ದದ ಉಸಿರು ಅವಳಲ್ಲಿತ್ತು. ವೇಗ ಒಳ್ಳೆಯದು, ನಿಧಾನ ಕೆಟ್ಟದ್ದು ಎಂಬ ಸೂತ್ರ ನನ್ನಿಂದ ಕಲಿತೆ ಎಂದು ಹೇಳಿಕೊಳ್ಳಬೇಡ. ಯಾವ ಗತಿಯನ್ನು ಆ ಕಂಠ, ಆ ಕಮಾನು, ಆ ಪಲುಕು ಹೊರಬಲ್ಲದೋ ಅದನ್ನು ಕೇಳಿಯೇ ತಿಳಿಯಬೇಕು.

ಅಡಾಜಿಯೆಟ್ಟೊ ಬಗ್ಗೆ ಒಂದು ಮಾತು ಬಾಕಿ ಇದೆ, ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಅದು. ನೀನು ಆ ಭಾಗ ಮುಗಿದ ಕೂಡಲೇ ನಿಲ್ಲಿಸಿದೆ ಎಂದು ತೋರುತ್ತದೆ. ನಿಲ್ಲಿಸಬಾರದು. ಕೊನೆಯ ಎಫ್ ಮೇಜರ್ ಕಾರ್ಡ್ ಕರಗಿದ ಮೇಲೆ ಒಂದು ಹಾರ್ನ್ ಒಂಟಿಯಾಗಿ ‘ಎ’ ಸ್ವರ ಊದುತ್ತದೆ. ಅದು ಈಗಷ್ಟೇ ಕೇಳಿದ ಕಾರ್ಡ್‌ನ ಗಾಂಧಾರ; ಆದರೆ ಷಡ್ಜ ಅಷ್ಟರಲ್ಲೇ ಡಿಗೆ ಸರಿಯುತ್ತಿರುತ್ತದೆ, ಅದೇ ಸ್ವರ ಪಂಚಮವಾಗಿಬಿಡುತ್ತದೆ. ಅಲ್ಲಿಂದ ಡಿ ಮೇಜರ್‌ನ ಫಿನಾಲೆ ಏಳುತ್ತದೆ. ಅದರ ನಡುವೆ, ಅಡಾಜಿಯೆಟ್ಟೊದ ಮಧ್ಯಭಾಗದಲ್ಲಿ ನಿನ್ನನ್ನು ಅಳಿಸಿದ ಆ ಮಟ್ಟೇ, ಚುರುಕಾದ ನಡೆಯಲ್ಲಿ, ನಗುನಗುತ್ತ ಬರುತ್ತದೆ. ಒಂದು ಸಲವಲ್ಲ, ಮತ್ತೆ ಮತ್ತೆ. ಮೊದಲ ಸಲ ಗುರುತೇ ಸಿಗದಿರಬಹುದು, ಸ್ಕೋರ್ ಎದುರಿಗಿಟ್ಟುಕೋ. ತನ್ನ ಸ್ವರಗಳು ಬೇರೆ ಗತಿಯಲ್ಲಿ ಯಾವ ಭಾವಕ್ಕೆ ತಿರುಗಬಲ್ಲವು ಎಂದು ಮಾಲರ್ ತಾನೇ ಅದೇ ಸಿಂಫನಿಯಲ್ಲಿ ತೋರಿಸಿಬಿಟ್ಟಿದ್ದಾನೆ. ಮುಂದಿನ ಮಟ್ಟಿನ ಕುಣಿತ ನಂಬುವಂತಿರಬೇಕಾದರೆ ಹಿಂದಿನ ಭಾಗವನ್ನು ಸಮಾಧಿಯವರೆಗೆ ಎಳೆದು ಒಯ್ದಿರಬಾರದು ಎಂದು ನಾನು ವಾದಿಸುವುದು ಇದೇ ಕಾರಣಕ್ಕೆ.

ಆದ್ದರಿಂದ ಈ ಭಾನುವಾರ ಇಡೀ ಸಿಂಫನಿಗೆ ಸಮಯ ಮಾಡಿಕೋ, 70 ನಿಮಿಷ ಬೇಕಾಗುತ್ತದೆ. ಫೋನ್ ಪಕ್ಕಕ್ಕಿಡು. ಬಾರ್ಬಿರೋಲಿಯಿಂದ ಶುರುಮಾಡು, ಇನ್ನೊಂದು ದಿನ ವಾಲ್ಟರ್‌ನ 1947ರದು, ಆಮೇಲೆ ಬೇಕಾದರೆ ನಿನ್ನ ಹೈಟಿಂಕ್‌ಗೇ ವಾಪಸ್ ಹೋಗು. ಅಷ್ಟೆಲ್ಲ ಕೇಳಿದ ಮೇಲೂ ಹೈಟಿಂಕ್‌ನದೇ ಸರಿ ಅನ್ನಿಸಿದರೆ ಯಾವ ಬಾರ್‌ನಲ್ಲಿ, ಯಾವ ಸ್ವರಕ್ಕೆ ಹಾಗನ್ನಿಸಿತು ಎಂದು ಗುರುತು ಹಾಕಿ ಬರೆ. ದಸರಾ ರಜೆಗೆ ಬರುವಾಗ ಸ್ಕೋರ್ ತೆಗೆದುಕೊಂಡು ಬಾ, ಕೂತು ಜಗಳವಾಡೋಣ.

ನಿನ್ನ ದೊಡ್ಡಪ್ಪ